ಬರೀ ಗಾಜಿನ ಮೇಲಿನ ಮೂಳೆ

ಗಾಜಿನ ಮೇಲೆ ಒಂದೇ ಒಂದು ಜೀವಕೋಶ ಇರಲಿಲ್ಲ, ಆದರೂ ಅಲ್ಲಿ ಮೂಳೆ ಬೆಳೆದಿತ್ತು. ಸಂಧ್ಯಾ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು, ತಪ್ಪೆಲ್ಲ ಕನ್ನಡಕದ್ದೇ ಎಂಬಂತೆ ಅದನ್ನು ಒರೆಸಿಕೊಂಡಳು, ಮತ್ತೆ ಬಗ್ಗಿ ನೋಡಿದಳು. ಏಳನೇ ಸಾಲಿನ ಕೊನೆಯ ಚುಕ್ಕೆ ಕೆಂಪಗೆ ಕೂತಿತ್ತು. ಉಳಿದ ಚುಕ್ಕೆಗಳಿಗೆ ಬಣ್ಣವೇ ಹಿಡಿದಿರಲಿಲ್ಲ. ಈ ಕೆಂಪು ಸುಣ್ಣದಂಶ ಇದ್ದಲ್ಲಿ ಮಾತ್ರ ಕಚ್ಚಿಕೊಳ್ಳುವ ಬಣ್ಣ. ಮೂಳೆಯಾಗಲು ಹೊರಟ ಕೋಶಗಳು ತಮ್ಮ ಸುತ್ತ ಸುಣ್ಣ ಕಟ್ಟಿಕೊಳ್ಳುವುದರಿಂದ, ಕೆಂಪು ಕಂಡರೆ ಮೂಳೆ ಶುರುವಾಯಿತು ಎಂದು ಅರ್ಥ. ದೀಪಾವಳಿಯಿಂದ ಈಚೆಗೆ ಅವಳೂ ಅವಳ ಗೈಡ್ ಬಸವಪ್ರಭು ಸರ್ ಕೂಡ ಈ ಕೆಂಪನ್ನು ನೋಡಿಕೊಂಡೇ ಬದುಕಿದ್ದರು. ಆದರೆ ಅಷ್ಟೂ ಸಲ ಗಾಜಿನ ಮೇಲೆ ಕಾಂಡಕೋಶಗಳಿದ್ದವು. ಇವತ್ತಿನದು ಬರೀ ಗಾಜು. ಜರ್ನಲ್ಲಿಗೆ ಲೇಖನ ಕಳಿಸುವ ಮುಂಚೆ ಕೋಶ ಹಾಕದ ಒಂದು ಗಾಜಿಗೂ ಬಣ್ಣ ಹಾಕಿ ಫೋಟೋ ತೆಗೆದುಬಿಡಿ, ಕೇಳೋರು ಕೇಳ್ತಾರೆ ಎಂದು ಸರ್ ಹೇಳಿದ್ದಕ್ಕೆ, ಬೀಗ ಹಾಕಿದ ಬಾಗಿಲನ್ನು ಹೊರಡುವಾಗ ಇನ್ನೊಮ್ಮೆ ಎಳೆದು ನೋಡುತ್ತಾರಲ್ಲ, ಹಾಗೆ ಮಾಡಿದ ಕೆಲಸ. ಬಾಗಿಲು ತೆರೆದೇ ಇತ್ತು. ಲ್ಯಾಬಿನಲ್ಲಿ ಬೇರೆ ಯಾರೂ ಬಂದಿರಲಿಲ್ಲ, ಎ.ಸಿ. ತನ್ನ ಪಾಡಿಗೆ ಗೊಣಗುತ್ತಿತ್ತು.

ಎಲ್ಲಿಂದ ಬಂತು ಸುಣ್ಣ? ಚುಕ್ಕೆಗಳೆಲ್ಲ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್, ಅವುಗಳಲ್ಲಿ ಸುಣ್ಣದ ಹೆಸರೂ ಇಲ್ಲ. ಮೂಲೆಯಲ್ಲಿ ನಿಂತಿರುವ ಯಂತ್ರ ಸೂಜಿ ಅದ್ದಿ ಅದ್ದಿ ಒಂದೊಂದು ಗಾಜಿನ ಮೇಲೂ ನೂರಾರು ಚುಕ್ಕೆ ಇಡುತ್ತದೆ, ರಂಗೋಲಿಗೆ ಇಟ್ಟಂತೆ. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ನೀರು ಕುಡಿಯುವಂಥದ್ದು, ಒಂದು ನೀರನ್ನು ದೂರ ತಳ್ಳುವಂಥದ್ದು. ಅವುಗಳ ಮೇಲೆ ಕಾಂಡಕೋಶಗಳನ್ನು ಬಿಟ್ಟರೆ, ಏನಾಗಬೇಕೆಂದು ಇನ್ನೂ ತೀರ್ಮಾನ ಮಾಡಿರದ ಆ ಕೋಶಗಳು ಕೂತ ಜಾಗ ನೋಡಿಕೊಂಡು ಕೊಬ್ಬೋ ಮೂಳೆಯೋ ಆಗುತ್ತವೆ, ಇಲ್ಲವೇ ಸುಮ್ಮನೆ ಸಾಯುತ್ತವೆ. ಯಾವ ಚುಕ್ಕೆಯ ಮೇಲೆ ಕೂತರೆ ಮೂಳೆಯಾಗುತ್ತವೆ ಎಂದು ಹುಡುಕುವುದೇ ಅವಳ ಪಿಎಚ್.ಡಿ. ಮೊದಮೊದಲು ಅವುಗಳ ಬುದ್ಧಿ ಕಂಡು ನಗು ಬರುತ್ತಿತ್ತು. ಆಮೇಲೆ, ಊರಿಗೆ ಹೋದರೆ ಗುಬ್ಬಿಯ ಮನೆಯಲ್ಲಿ ಒಂದು ಥರ, ಸದಾಶಿವನಗರದ ಬಾಡಿಗೆ ರೂಮಿನಲ್ಲಿ ಇನ್ನೊಂದು ಥರ ಇರುವ ತಾನೇನು ಕಮ್ಮಿ ಎನ್ನಿಸಿ ನಗುವುದನ್ನು ಬಿಟ್ಟಿದ್ದಳು. ವರ್ಷಗಟ್ಟಲೆ ಏನೂ ಸಿಗದೆ ಒದ್ದಾಡಿದ ಮೇಲೆ ಸಿಕ್ಕಿದ್ದು ಈ ಒಂದೇ ಚುಕ್ಕೆ. ಮೂರು ಸಲ ಮಾಡಿ ನೋಡಿದ್ದಳು, ಮೂರು ಸಲವೂ ಕೆಂಪು.

ಮೇಜಿನ ಮೇಲೆ ಫೋನು ಗುರ್ರೆನ್ನುತ್ತ ಜರುಗಿತು. ಪ್ರಮೀಳಾ ಅತ್ತಿಗೆ. ಬಡಿದುಕೊಂಡು ಸುಮ್ಮನಾಗಲಿ ಎಂದು ಬಿಟ್ಟಳು. ಸುಮ್ಮನಾಯಿತು, ಮತ್ತೆ ಶುರುವಾಯಿತು.

"ಸಂಧ್ಯಾ, ನಿಮ್ಮಣ್ಣ ಬರಲ್ಲ ಅಂತ ಕೂತವ್ರೆ ಕಣೇ. ಬ್ಯಾಗೆಲ್ಲ ರೆಡಿ ಮಾಡಿ ಕಾರ್‌ನೋರ್ಗೂ ಹೇಳಿದೀನಿ. ಈಗ ನೋಡುದ್ರೆ ಆಪರೇಷನ್ನೇ ಬೇಡ್ವಂತೆ. ಸಂಧ್ಯಾ ಕಂಡುಹಿಡ್ದವ್ಳೆ, ಅದ್ನೇ ಹಾಕುಸ್ಕೊತೀನಿ ಅಂತಾರೆ."

"ಅದು ಈಗ್ಲೇ ಆಗೋದಲ್ಲ ಅಂತ ಹೇಳಿದ್ನಲ್ಲ ಅತ್ತಿಗೆ."

"ನೀನ್ ಹೇಳ್ದೆ, ಅವ್ರು ಕೇಳುಸ್ಕೊಬೇಕಲ್ಲ. ಸಂಜೆ ಒಳ್ಗೆ ಅಡ್ಮಿಟ್ ಆಗ್ಲಿಲ್ಲ ಅಂದ್ರೆ ಬೆಡ್ ಬೇರೆಯೋರ್ಗೆ ಕೊಡ್ತಾರಂತೆ. ಡಾಕ್ಟ್ರು ಹೇಳಿದ್ದು ನಿಂಗೂ ಗೊತ್ತಲ್ಲ, ಕೀವು ಮೇಲುಕ್ ಹತ್ತುದ್ರೆ ಕಾಲೇ..." ಪ್ರಮೀಳಾ ಮುಂದಿನ ಮಾತನ್ನು ನುಂಗಿದಳು. "ನೀನೇ ಬಂದು ಹೇಳು. ನಿನ್ ಮಾತಾದ್ರೆ ಕೇಳ್ತಾರೆ."

ಬರ್ತೀನಿ ಎಂದಳು. ಹೇಳುವುದಕ್ಕೆ ತನ್ನ ಬಳಿ ಏನಿದೆ ಎಂದು ಫೋನಿಟ್ಟ ಮೇಲೆ ಯೋಚಿಸಿದಳು. ಅವಳ ಅಣ್ಣ ಶಿವಮೂರ್ತಿ ಗುಬ್ಬಿ ಕುಣಿಗಲ್ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರು. ಹೋದ ವರ್ಷ ಬೈಕಿನಿಂದ ಬಿದ್ದು ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ರಾಡ್ ಹಾಕಿದರು, ಮೂಳೆ ಕೂಡಲಿಲ್ಲ. ಕುಣಿಗಲ್ ಕಡೆಯ ನಾಟಿ ವೈದ್ಯರೊಬ್ಬರು ಸೊಪ್ಪು ಅರೆದು ಪಟ್ಟಿ ಕಟ್ಟಿದರು, ಕೂಡಲಿಲ್ಲ. ಈಗ ಗಾಯ ಕೀವು ಕಟ್ಟಿದೆ, ತುಮಕೂರಿನ ಡಾಕ್ಟರು ಕೀವು ತೊಳೆದು ಸೊಂಟದ ಮೂಳೆ ಕೆತ್ತಿ ತೆಗೆದು ಕಾಲಿಗೆ ತುಂಬುತ್ತೇವೆ, ತಡ ಮಾಡುವ ಹಾಗಿಲ್ಲ ಎಂದಿದ್ದಾರೆ. ಒಂದು ಸಲ ಕೊಯ್ಯಿಸಿಕೊಂಡು ಸೋತವನಿಗೆ ಎರಡನೇ ಸಲದ ಹೆದರಿಕೆ ಎಷ್ಟಿರುತ್ತದೆ ಎಂದು ಅವಳಿಗೆ ಗೊತ್ತಾಗುವುದಿಲ್ಲವೇ? ಗೊತ್ತಿದ್ದೂ ದೀಪಾವಳಿಯ ಹೊತ್ತಿಗೆ ಮೊದಲ ಕೆಂಪು ಕಂಡ ದಿನ ಮೊದಲು ಫೋನ್ ಮಾಡಿದ್ದು ಅವನಿಗೇ. ಮನುಷ್ಯರಿಗೆ ಬರೋಕೆ ಹತ್ತು ಹದಿನೈದು ವರ್ಷ ಬೇಕು ಎಂದು ಹೇಳಬೇಕಿತ್ತು. ಹೇಳಿದ್ದು "ಇನ್ನೂ ಸ್ವಲ್ಪ ಟೈಮಾಗತ್ತೆ" ಎಂದು. ಆ ಸ್ವಲ್ಪದಲ್ಲಿ ಅವಳ ಜಂಬವೆಲ್ಲ ಇತ್ತು. ಮದುವೆಮನೆಗಳಲ್ಲಿ ಎಲೆ ಮುಂದೆ ಕೂತವರು, ಇನ್ನೂ ಓದ್ತಾನೇ ಇದೀಯೇನವ್ವ, ಯಾವ ಕ್ಲಾಸೀಗ ಎಂದು ಕೇಳಿ ನಗುವುದನ್ನು ಕೇಳಿಸಿಕೊಂಡು ಕೇಳಿಸಿಕೊಂಡು, ಅಣ್ಣ ಒಬ್ಬ ಎದೆಯುಬ್ಬಿಸಿ ನನ್ ತಂಗಿ ಮೂಳೆ ಮಾಡ್ತಾವ್ಳೆ ಎಂದಾಗ ತಿದ್ದುವ ಮನಸ್ಸಾಗಲಿಲ್ಲ. ನಾಳೆ ತಿದ್ದಿದರಾಯಿತು ಎಂದುಕೊಂಡಳು. ಮಾರನೆಯ ದಿನ ಗೌರವ ಇನ್ನಷ್ಟು ಹೆಚ್ಚಿತ್ತು.

ಅವಳು ಫ್ರಿಜ್ಜಿನಿಂದ ಅದೇ ಸಲ ಮಾಡಿಟ್ಟ ಇನ್ನೊಂದು ಗಾಜು ತೆಗೆದು, ಬಣ್ಣ ಹಾಕದೆಯೇ, ದೊಡ್ಡ ಲೆನ್ಸಿನಲ್ಲಿ ನೋಡಿದಳು. ಏಳನೇ ಸಾಲಿನ ಕೊನೆಯ ಚುಕ್ಕೆಯ ಮೇಲೆ ಬೂದು ಬಣ್ಣದ ಸಣ್ಣ ಸಣ್ಣ ಕಣಗಳು. ಹಿಟ್ಟಿಗಿಂತ ನಯ. ಪಕ್ಕದ ಚುಕ್ಕೆಗಳ ಮೇಲೆ ಒಂದೂ ಇಲ್ಲ. ಯಾಕೆ ಇಲ್ಲ ಎನ್ನುವುದು ಅವಳಿಗೆ ತಕ್ಷಣ ಹೊಳೆಯಿತು: ಎಲ್ಲ ಚುಕ್ಕೆಗಳೂ ಬೇಗ ಒಣಗಿದರೆ ಈ ಒಂದು ಪ್ಲಾಸ್ಟಿಕ್ಕು ಎರಡು ದಿನ ಹಲಸಿನ ಮೇಣದ ಹಾಗೆ ಅಂಟಂಟಾಗಿಯೇ ಇರುತ್ತದೆ. ಬೇರೆಯವುಗಳ ಮೇಲೆ ಬಿದ್ದದ್ದು ತೊಳೆದಾಗ ಹೋಗಿದೆ, ಇದರ ಮೇಲೆ ಬಿದ್ದದ್ದು ಉಳಿದಿದೆ. ಬಿದ್ದದ್ದು ಏನು? ತಲೆಯೆತ್ತಿದರೆ ಯಂತ್ರ. ಅದರ ಮುಚ್ಚಳದ ಮೇಲೆ ಆಯುಧಪೂಜೆಯ ದಿನ ಎಳೆದ ವಿಭೂತಿಯ ಮೂರು ಗೆರೆಗಳು ಮಾಸಿದ್ದರೂ ಅಳಿಸಿರಲಿಲ್ಲ. ಪೂಜೆಯ ಗುರುತು ಒರೆಸಬಾರದೆಂದು ಕಸ ಗುಡಿಸುವ ನಿಂಗಮ್ಮ ಅಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಫಳಫಳ ಒರೆಸುತ್ತಿದ್ದಳು.

ಅವತ್ತು ಅವ್ವ ಬಂದಿದ್ದಳು. ಕಾಲೇಜಿನಲ್ಲಿ ಪೂಜೆಗೆ ಮನೆಯವರನ್ನೆಲ್ಲ ಕರೆತರಬಹುದೆಂದು ಹೇಳಿದ್ದರಿಂದ ಪುಟ್ಟತಾಯಮ್ಮ ರೇಷ್ಮೆ ಸೀರೆ ಉಟ್ಟು, ಸೆರಗಿನ ತುದಿಯಲ್ಲಿ ಮನೆದೇವರ ವಿಭೂತಿಯ ಪೊಟ್ಟಣ ಗಂಟು ಹಾಕಿಕೊಂಡು ಬಸ್ಸಿಳಿದಿದ್ದಳು. ಗೇಟಿನಲ್ಲಿ ಕುಂಬಳಕಾಯಿ ಒಡೆದಾಗಿತ್ತು. ಸರ್ ಒಂದೊಂದೇ ಯಂತ್ರಕ್ಕೆ ಗೆರೆ ಎಳೆದು, ಚೆಂಡು ಹೂವು ಸಿಕ್ಕಿಸಿ, ಮಂಗಳಾರತಿ ಮಾಡಿ ಪಕ್ಕದ ಲ್ಯಾಬಿಗೆ ಹೋದರು. ಅವ್ವ ಮಾತ್ರ ಈ ಯಂತ್ರದ ಮುಂದೆ ನಿಂತೇ ಇದ್ದಳು. "ಮುಚ್ಳುಕ್ ಬಳುದ್ರೆ ಏನ್ ಬಂತವ್ವ? ಕೆಲ್ಸ ಮಾಡೋದು ಒಳ್ಗಡೆ ಇರೋದಲ್ವಾ? ಅದುಕ್ ಇಕ್ಕು." ಪೂಜೆಯ ನ್ಯಾಯದಲ್ಲಿ ಅವ್ವ ಹೇಳಿದ್ದು ಸರಿಯಾಗಿಯೇ ಇತ್ತು. ಸಂಧ್ಯಾ ನಗುತ್ತಲೇ ಮುಚ್ಚಳ ತೆರೆದಳು. ಒಳಗೆ ಹಿಂದಿನ ದಿನ ಚುಕ್ಕೆ ಇಡಿಸಿ ಒಣಗಲು ಬಿಟ್ಟ ಗಾಜುಗಳು ಸಾಲಾಗಿ ಮಲಗಿದ್ದವು. ಇಡೀ ವರ್ಷಕ್ಕೆ ಆಗುವಷ್ಟು ಒಂದೇ ಸಲಕ್ಕೆ ಮಾಡಿಟ್ಟದ್ದು. ಅವ್ವ ಕೊಟ್ಟ ವಿಭೂತಿಯನ್ನು ಸೂಜಿ ಹಿಡಿಯುವ ಕಬ್ಬಿಣದ ಕೈಗೆ ಹಚ್ಚಿದಳು. ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಎಲ್ಲರೂ ಮಾಡುವಂತೆ ಅಲ್ಲೇ ಕೊಡವಿದಳು. ಅಷ್ಟೇ. ಬೂದಿ, ಸುಣ್ಣದ ಪುಡಿ, ಗುಡಿ ಮುಂದಿನ ಅಂಗಡಿಯವನು ಇನ್ನೇನು ಬೆರೆಸಿದ್ದನೋ. ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಗ್ಲೌಸು ಹಾಕದೆ ಒಂದು ದಿನವೂ ಆ ಮುಚ್ಚಳ ಮುಟ್ಟದವಳು ಅವತ್ತು ಬರಿಗೈಯಲ್ಲಿ ಮುಟ್ಟಿದ್ದಳು. ದೇವರ ಕೆಲಸಕ್ಕೆ ಗ್ಲೌಸು ಹಾಕುವುದುಂಟೇ ಎಂದು ಅನ್ನಿಸಿತ್ತೇ ಹೊರತು, ಅನ್ನಿಸಿದ್ದು ತಪ್ಪು ಎಂದು ಅನ್ನಿಸಿರಲಿಲ್ಲ. ಬರೀ ಗಾಜಿನ ಫೋಟೋ ಪ್ರಿಂಟ್ ಹಾಕಿಕೊಂಡು ಎದ್ದಳು.

ಬಸವಪ್ರಭು ಸರ್ ತಮ್ಮ ಕೋಣೆಯಲ್ಲಿ ಲೇಖನದ ಕೊನೆಯ ಪುಟ ತಿದ್ದುತ್ತಿದ್ದರು. ಅವರ ಹಣೆಯ ಮೇಲೂ ಬೆಳಗಿನ ಸ್ನಾನದ ಮೂರು ಗೆರೆಗಳಿದ್ದವು; ಅದರ ಕಡೆ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೇಗೆ ಶುರುಮಾಡಬೇಕೆಂದು ತಿಳಿಯದೆ ಫೋಟೋವನ್ನು ಮೇಜಿನ ಮೇಲಿಟ್ಟಳು. ಸರ್ ನೋಡಿದರು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

"ಇದು ಕೋಶ ಹಾಕದೆ ಇರೋದು?"

"ಹೌದು ಸರ್."

"ಬೇರೆ ಗಾಜು ಅದ್ಲುಬದ್ಲಾಗಿಲ್ಲ ತಾನೇ?"

"ಇಲ್ಲ ಸರ್. ಆಯುಧಪೂಜೆ ದಿನ ಒಳಗಡೆ ವಿಭೂತಿ ಬಿದ್ದಿದೆ."

ಸರ್ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದರು. "ನಾನು ಹೊರಗಡೆ ಹಚ್ಚಿದ್ದು ನೆನಪಿದೆ. ಒಳಗೆ ಹಚ್ಚಿದ್ಯಾರು?"

"ನಾನೇ ಸರ್," ಎಂದಳು. ಅವ್ವನ ಹೆಸರು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.

"ಏನಮ್ಮಾ, ಸಾಯನ್ಸ್ ಓದಿದೋರಾಗಿ..." ಎಂದು ಶುರುಮಾಡಿದ ಸರ್ ಅಲ್ಲಿಗೇ ನಿಲ್ಲಿಸಿದರು. ಅವರ ಕೈ ತಾನಾಗಿ ಹಣೆಯವರೆಗೆ ಹೋಗಿ, ಏನೂ ಮುಟ್ಟದೆ ಕೆಳಗಿಳಿಯಿತು. ಕಂಪ್ಯೂಟರ್ ಕಡೆ ತಿರುಗಿ ಲೇಖನವನ್ನು ಮುಚ್ಚಿದರು. "ಕಳಿಸಿದ್ಮೇಲೆ ಗೊತ್ತಾಗಿದ್ರೆ ಮಾನ ಹೋಗ್ತಿತ್ತು. ಹೊಸ ಗಾಜು ಮಾಡಿ. ಮೊದ್ಲಿಂದ ನೋಡೋಣ." ಆಮೇಲೆ, ಅವಳು ಇನ್ನೂ ನಿಂತೇ ಇರುವುದನ್ನು ಕಂಡು, "ಹೋಗಿಮ್ಮಾ, ಊಟ ಮಾಡಿ," ಎಂದರು. ಅಷ್ಟೇ. ಕೂಗಾಡಲಿಲ್ಲ, ನೀವು ಇನ್ನು ಬರುವುದು ಬೇಡ ಎನ್ನಲಿಲ್ಲ. ಸತ್ಯ ಹೇಳುವುದು ಇಷ್ಟು ಸಲೀಸಾಗಿದ್ದರೆ ಮನೆಯಲ್ಲೂ ಹೇಳಬಹುದು ಎಂದು ಅವಳಿಗೆ ಮೆಟ್ಟಿಲಿಳಿಯುವಾಗ ಧೈರ್ಯ ಬಂತು. ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲಿ ಆ ಧೈರ್ಯ ಅರ್ಧವಾಗಿತ್ತು.

ಗುಬ್ಬಿ ಬಸ್ಸು ತುಂಬಿತ್ತು. ಕಂಡಕ್ಟರು ಅವಳ ಗುರುತು ಹಿಡಿದು ಚೀಟಿ ಹರಿಯಲಿಲ್ಲ. "ಶಿವಮೂರ್ತಣ್ಣನ ತಂಗಿ ಅಲ್ವೇನಮ್ಮ? ಬುಡಿ ಬುಡಿ, ಡ್ರೈವರ್ ಮನೆಯೋರ್ಗೆ ಟಿಕೆಟ್ಟಾ?" ಎಂದು ಸುತ್ತ ಕೂತವರಿಗೂ ಕೇಳಿಸುವಂತೆ ಹೇಳಿದ. "ಅಣ್ಣನ ಕಾಲ್ಗೆ ನೀವೇ ಮೂಳೆ ಮಾಡ್ತಿದೀರಂತೆ. ನಮ್ ಸ್ಟ್ಯಾಂಡಲ್ಲೆಲ್ಲ ಅದೇ ಮಾತು. ನನ್ ಮಾವಂದೂ ಒಂದ್ ಮಂಡಿ ಐತೆ, ಆಮೇಲ್ ಕೇಳ್ತೀನಿ." ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ಅವಳ ಕೈಗಳನ್ನೇ ನೋಡಿದಳು. ಸಂಧ್ಯಾ ಕೈಗಳನ್ನು ಬ್ಯಾಗಿನ ಕೆಳಗೆ ಇಟ್ಟುಕೊಂಡಳು. ಇಲ್ಲ, ಹಾಗೇನೂ ಇಲ್ಲ ಎನ್ನಬಹುದಿತ್ತು, ಇಡೀ ಬಸ್ಸು ಕೇಳುತ್ತಿತ್ತು. ನಕ್ಕಳು. ನಕ್ಕದ್ದಕ್ಕೆ ತನ್ನನ್ನೇ ಬೈದುಕೊಂಡಳು. ಅಣ್ಣನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿ ಜೋಡಿಸಿ ನೋಡಿದಳು: ಅಣ್ಣ, ಅದು ಮೂಳೆ ಅಲ್ಲ, ವಿಭೂತಿ. ಹೀಗೆ ಹೇಳಿದರೆ ಅವ್ವನಿಗೆ ಚುಚ್ಚುತ್ತದೆ. ಅಣ್ಣ, ಪ್ರಯೋಗದಲ್ಲಿ ತಪ್ಪಾಗಿದೆ. ಹೀಗೆ ಹೇಳಿದರೆ, ತಪ್ಪು ಸರಿಮಾಡು, ಕಾಯ್ತೀನಿ ಎನ್ನುತ್ತಾನೆ. ಕಿಟಕಿಯ ಆಚೆ ತೆಂಗಿನ ತೋಟಗಳು ಹಿಂದೆ ಹಿಂದೆ ಓಡುತ್ತಿದ್ದವು, ಕಾಲಿನ ಕೀವು ಈಗ ಎಲ್ಲಿಯವರೆಗೆ ಹತ್ತಿರಬಹುದು ಎಂಬ ಯೋಚನೆ ಬಿಡದೆ ಕೊರೆಯುತ್ತಿತ್ತು.

ಶಿವಮೂರ್ತಿ ನಡುಮನೆಯಲ್ಲಿ ಗೋಡೆಗೊರಗಿ, ಕಾಲನ್ನು ದಿಂಬಿನ ಮೇಲೆ ನೀಡಿಕೊಂಡು ಕೂತಿದ್ದ. ಪಟ್ಟಿಯ ಅಂಚಿನಲ್ಲಿ ಹಳದಿ ಕಲೆ. ಡೆಟಾಲಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ, ಅದು ಏನೆಂದು ಗೊತ್ತಾಗಿಯೂ ಯಾರೂ ಹೆಸರೆತ್ತುತ್ತಿರಲಿಲ್ಲ. ಬಾಗಿಲ ಬಳಿ ಕಟ್ಟಿಟ್ಟ ಬ್ಯಾಗು, ಅದರ ಪಕ್ಕ ಪ್ರಮೀಳಾ. ಸಂಧ್ಯಾಳನ್ನು ಕಂಡದ್ದೇ ಅವನ ಮುಖ ಅರಳಿತು.

"ನೋಡು, ಬಂದ್ಲು. ಹೇಳವ್ವ ನಿಮ್ಮತ್ತಿಗೇಗೆ, ಸೊಂಟ ಕೆತ್ತೋದು ಬೇಡ ಅಂತ."

ಅವಳು ಅವನ ಪಕ್ಕ ಚಾಪೆಯ ಮೇಲೆ ಕೂತಳು. ದಾರಿಯಲ್ಲಿ ಜೋಡಿಸಿಟ್ಟ ಮಾತೊಂದೂ ನೆನಪಿಗೆ ಬರಲಿಲ್ಲ. "ಅಣ್ಣ, ಇವತ್ತು ಒಂದು ಗಾಜು ನೋಡ್ದೆ. ಅದ್ರ ಮೇಲೆ ಜೀವ ಇರೋ ಕೋಶ ಒಂದೂ ಇರ್ಲಿಲ್ಲ. ಆದ್ರೂ ಕೆಂಪಗಾಗಿತ್ತು. ಯಾಕೆ ಅಂದ್ರೆ, ಆಯುಧಪೂಜೆ ದಿನ ನಾನು ಒಳಗೆ ಹಚ್ಚಿದ್ನಲ್ಲ, ಆ ವಿಭೂತಿ ಅದ್ರ ಮೇಲೆ ಬಿದ್ದು, ಅಲ್ಲಿರೋ ಅಂಟಿಗೆ ಕಚ್ಕೊಂಡಿದೆ. ವಿಭೂತೀಲಿ ಸುಣ್ಣ ಇರತ್ತೆ. ನಾವು ಅದನ್ನೇ ಇಷ್ಟು ದಿನ ಮೂಳೆ ಅಂದ್ಕೊಂಡಿದ್ವಿ."

ಎಷ್ಟು ಚೊಕ್ಕವಾಗಿ ಹೇಳಿದೆ ಎಂದು ಒಂದು ಗಳಿಗೆ ಅವಳಿಗೆ ಸಮಾಧಾನವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎರಡು ಹೆಜ್ಜೆ ಮುಂದೆ ಬಂದಳು.

"ಏನಂದೆ? ಜೀವಾನೇ ಇಲ್ದಿದ್ ಕಡೆ ಬಂತಾ?"

"ಅವ್ವ, ಬಂದಿದ್ದು ಮೂಳೆ ಅಲ್ಲ..."

"ನಾನ್ ಕೊಟ್ಟಿದ್ ವಿಭೂತಿಗೇ ಬಂತಾ?" ಅವ್ವನ ಎರಡೂ ಕೈ ಎದೆಯ ಹತ್ತಿರ ಸೇರಿದವು. ಕಣ್ಣು ಒದ್ದೆಯಾದವು. "ನಂಗ್ ಅವತ್ತೇ ಗೊತ್ತಿತ್ತು ಕಣೋ ಶಿವ. ನೀನ್ ಬಿದ್ದಾಗ್ಲೇ ಹರಕೆ ಹೊತ್ತಿದ್ದೆ. ಒಳ್ಗಡೆ ಇಕ್ಕು ಅಂತ ನನ್ ಬಾಯಲ್ಲಿ ಸುಮ್ನೆ ಬಂತಾ?"

"ಅವ್ವ, ಅದು ಬೂದಿ. ಬಣ್ಣ ಬೂದಿಗೆ ಹಿಡ್ಕೊಂಡಿದೆ ಅಷ್ಟೇ!"

"ಬೂದಿ ಅನ್ಬೇಡ್ವೇ," ಎಂದು ಅವ್ವ ಕೆನ್ನೆ ಕೆನ್ನೆ ಹೊಡೆದುಕೊಂಡಳು.

ಶಿವಮೂರ್ತಿ ಗೋಡೆಯಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತಿದ್ದ. ಅವನು ಅಂಥ ದೈವಭಕ್ತನೇನಲ್ಲ, ಬಸ್ಸಿನ ಕನ್ನಡಿಗೆ ಹೂವು ಹಾಕುವುದನ್ನೂ ಕ್ಲೀನರಿಗೆ ಬಿಟ್ಟವನು. ಆದರೆ ಹೆದರಿದವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. "ಹಂಗಾದ್ರೆ ಎರಡೂ ಸೇರುಸ್ಬುಡು," ಎಂದ, ತಾನೇ ಏನೋ ಉಪಾಯ ಕಂಡುಹಿಡಿದವನಂತೆ. "ನಿನ್ ಅಂಟು, ಅವ್ವನ ವಿಭೂತಿ. ನನ್ ಕಾಲಲ್ಲಿ ಸುಣ್ಣ ಕಮ್ಮಿ ಆಗಿರೋದು ತಾನೇ? ಇನ್ನೊಂದ್ ತಿಂಗ್ಳು ಕಾಯೋಣ ಬುಡು ಪ್ರಮೀ."

ಪ್ರಮೀಳಾ ಸಂಧ್ಯಾಳ ಕಡೆ ನೋಡಿದಳು. ನಿನ್ನನ್ನು ಕರೆಸಿದ್ದು ಇದಕ್ಕಾ ಎಂಬ ನೋಟ. ಗೈಡಿಗೆ ಎರಡು ಮಾತಿನಲ್ಲಿ ಅರ್ಥವಾದ ಸತ್ಯ ಇಲ್ಲಿ ಬೇರೆಯೇ ಆಗಿ ಕೂತಿತ್ತು. ಸಂಧ್ಯಾ ಇನ್ನೂ ಬಿಡಿಸಿ ಹೇಳಿದಳು, ಕೋಶ ಎಂದರೇನು, ಬಣ್ಣ ಎಂದರೇನು, ಹತ್ತು ಹದಿನೈದು ವರ್ಷ ಎಂದರೇನು. ಅಣ್ಣ ತಲೆಯಾಡಿಸುತ್ತಿದ್ದ. ಅವ್ವ ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಹೇಳಿದಷ್ಟೂ ಅವರ ಮುಖದ ಮೇಲಿನ ಬೆಳಕು ಹೆಚ್ಚುತ್ತಿತ್ತು. ಹೊರಗೆ ಕಾರಿನವನು ಹಾರ್ನ್ ಮಾಡಿದ. ಆ ಹಳದಿ ಕಲೆ ಅವಳು ಬಂದಾಗ ಇದ್ದದ್ದಕ್ಕಿಂತ ಅಗಲವಾಗಿದೆಯೋ, ತನಗೆ ಹಾಗೆ ಕಾಣುತ್ತಿದೆಯೋ ತಿಳಿಯಲಿಲ್ಲ.

"ಸುಳ್ಳು," ಎಂದಳು.

ಅಣ್ಣ ತಲೆಯಾಡಿಸುವುದನ್ನು ನಿಲ್ಲಿಸಿದ.

"ಎಲ್ಲಾ ಸುಳ್ಳಣ್ಣ. ನಂಗೆ ಯಾವತ್ತೂ ಏನೂ ಸಿಕ್ಕಿಲ್ಲ. ಕೆಂಪಗೂ ಆಗಿಲ್ಲ. ಎಲ್ರೂ ಇನ್ನೂ ಓದ್ತಿದೀಯಾ ಅಂತ ನಗ್ತಿದ್ರಲ್ಲ, ಅದಕ್ಕೆ ಹೇಳಿದ್ದು. ಈಗ ನೀನು ಆಪರೇಷನ್ ಬೇಡ ಅಂದೆ ಅಂತ ಗೊತ್ತಾಗಿ, ವಿಭೂತಿ ಗಿಭೂತಿ ಅಂತ ಏನೋ ಕಥೆ ಕಟ್ಟಿದೆ."

ಹೇಳುತ್ತ ಹೇಳುತ್ತ ಇದರಲ್ಲಿ ಎಷ್ಟು ಸುಳ್ಳು, ಎಷ್ಟು ನಿಜ ಎಂದು ಅವಳಿಗೇ ಗಲಿಬಿಲಿಯಾಯಿತು. ಅವ್ವನ ಕೈಯ ಎಣ್ಣೆ ಗಿಂಡಿ ದೀಪದ ಮೇಲೇ ನಿಂತಿತ್ತು.

"ಅವತ್ತು ಫೋನಲ್ಲಿ ಅಳ್ತಿದ್ದಲ್ಲ," ಎಂದ ಶಿವಮೂರ್ತಿ. ಅವನ ದನಿ ಸಣ್ಣಗಾಗಿತ್ತು. "ಸಂತೋಷುಕ್ಕೆ ಅಳ್ತಿದೀನಿ ಅಂದಿದ್ಯಲ್ಲ."

ಆ ಅಳು ಅವಳ ಈವರೆಗಿನ ಆಯುಸ್ಸಿನಲ್ಲಿ ಅತ್ಯಂತ ನಿಜವಾದ ಅಳು. "ಅದೂ ಸುಳ್ಳೇ," ಎಂದಳು.

ಅವನು ನಂಬಿದ. ಮತ್ತೇನೂ ಕೇಳಲಿಲ್ಲ, ವಾದಿಸಲಿಲ್ಲ. ಅಷ್ಟು ಹೊತ್ತು ಬಿಡಿಸಿ ಬಿಡಿಸಿ ಹೇಳಿದ ನಿಜವನ್ನು ಒಳಗೆ ಬಿಟ್ಟುಕೊಳ್ಳದವನು ತಂಗಿ ಸುಳ್ಳುಗಾತಿ ಎನ್ನುವುದನ್ನು ಎಷ್ಟು ಸುಲಭವಾಗಿ ಬಿಟ್ಟುಕೊಂಡ ಎಂದು ಅವಳಿಗೆ ಸಂಕಟವಾಯಿತು. ನಂಬಲಿ ಎಂದು ಬೇಡಿಕೊಂಡವಳೂ ತಾನೇ. ಶಿವಮೂರ್ತಿ ಗೋಡೆ ಹಿಡಿದು ಏಳಲು ನೋಡಿದ. ಸಂಧ್ಯಾ ತೋಳು ಹಿಡಿಯಹೋದಳು. "ಬುಡು," ಎಂದ, ಗಟ್ಟಿಯಾಗಿಯೇನೂ ಅಲ್ಲ. ಪ್ರಮೀಳಾ ಬಂದು ಹೆಗಲು ಕೊಟ್ಟಳು. ಅವ್ವ ಮಗಳ ಪಕ್ಕದಲ್ಲಿಯೇ ಹಾದುಹೋದಳು, ಹಾದುಹೋಗುವಾಗ ಸೆರಗನ್ನು ತನ್ನ ಕಡೆ ಎಳೆದುಕೊಂಡಳು. ನಾಳೆ ಬಸ್‌ಸ್ಟ್ಯಾಂಡಿನವರೆಗೆ, ನಾಡಿದ್ದು ನೆಂಟರ ಮನೆಗಳವರೆಗೆ ಈ ಮಾತು ಹೋಗುತ್ತದೆ ಎಂದು ಸಂಧ್ಯಾಳಿಗೆ ಗೊತ್ತಿತ್ತು. ಹೋಗಲಿ. ಬ್ಯಾಗನ್ನು ತಾನೇ ಎತ್ತಿಕೊಂಡು ಹೋಗಿ ಡಿಕ್ಕಿಯಲ್ಲಿಟ್ಟಳು.

ಅಣ್ಣನನ್ನು ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂರಿಸಿ, ಅವನ ಕಾಲನ್ನು ಅವ್ವ ತೊಡೆಯ ಮೇಲೆ ಇಟ್ಟುಕೊಂಡಳು. ಪ್ರಮೀಳಾ ಮುಂದೆ ಕೂತಳು. ಇನ್ನೊಬ್ಬರಿಗೆ ಜಾಗವಿರಲಿಲ್ಲ, ಇದ್ದಿದ್ದರೂ ಯಾರೂ ಕರೆಯುತ್ತಿರಲಿಲ್ಲ. ಸಂಧ್ಯಾ ಬಾಗಿಲು ಹಾಕಿದಳು. ಕಾರು ಶುರುವಾದ ಮೇಲೆ ಶಿವಮೂರ್ತಿ ಕಿಟಕಿಯ ಗಾಜು ಇಳಿಸಿದ. ಅವಳ ಮುಖ ನೋಡದೆ, ಅವ್ವನ ತೊಡೆಯ ಮೇಲಿದ್ದ ತನ್ನ ಕಾಲನ್ನು ನೋಡುತ್ತ ಕೇಳಿದ:

"ಕಾಲೇಜಲ್ಲೂ ಹಿಂಗೇ ಸುಳ್ಳು ಹೇಳಿದೀಯಾ? ಅಲ್ಲಿ ಗೊತ್ತಾದ್ರೆ ನಿನ್ನ ತೆಗ್ದಾಕಲ್ವೇನವ್ವ?"

"ಇಲ್ಲಣ್ಣ," ಎಂದಳು. "ಅಲ್ಲಿ ನಿಜಾನೇ ಹೇಳಿದೀನಿ."

ಶಿವಮೂರ್ತಿ ಈಗ ತಿರುಗಿ ಅವಳನ್ನು ನೋಡಿದ. ಅವಳ ಮಾತಿನಲ್ಲಿ ಒಂದಕ್ಷರವನ್ನೂ ಅವನು ನಂಬಲಿಲ್ಲ. ಪಾಪ ಎನ್ನುವಂತೆ ಕತ್ತು ಆಡಿಸಿ ಗಾಜು ಏರಿಸಿದ, ಕಾರು ತುಮಕೂರಿನ ಕಡೆಗೆ ಹೊರಟಿತು.